ರೋಮ್‌ನಲ್ಲಿ ಹುಟ್ಟುಹಬ್ಬದ ಊಟ: ‘ವೆಜ್’ ಎಂದರೆ ಸಾಲದು

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಹತ್ತಿರವಾದಂತೆ ಪತ್ರಿಕೆಯ ಪ್ರವಾಸ ಪುಟಗಳಲ್ಲಿ ಇಟಲಿ ಬಂದೇ ಬರುತ್ತದೆ. ಕೊಲೊಸಿಯಂ, ವ್ಯಾಟಿಕನ್, ತ್ರೇವಿ ಕಾರಂಜಿ ಎಲ್ಲದರ ವಿವರ ಇರುತ್ತದೆ. ರಾತ್ರಿ ಊಟದ ವಿಷಯಕ್ಕೆ ಬಂದರೆ ಮಾತ್ರ ‘ಪಿಜ್ಜಾ, ಪಾಸ್ತಾ ಸವಿಯಿರಿ’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಈಗ ಮನೆಮಂದಿಯೆಲ್ಲ ಸೇರಿ ಹೋಗುವುದು ಹೆಚ್ಚು. ಅಪ್ಪನಿಗೆ ಅರವತ್ತು, ಅಜ್ಜಿಗೆ ಎಪ್ಪತ್ತೈದು, ಮಗಳಿಗೆ ಹದಿನೆಂಟು ಎಂದು ಹುಟ್ಟುಹಬ್ಬವನ್ನೇ ನೆಪ ಮಾಡಿಕೊಂಡು ಟಿಕೆಟ್ ಮಾಡಿಸುವವರಿದ್ದಾರೆ. ಅಷ್ಟು ದೂರ ಹೋಗಿ, ಆ ಒಂದು ರಾತ್ರಿ ಯಾರ ಹುಟ್ಟುಹಬ್ಬವೋ ಅವರೇ ಬ್ರೆಡ್ಡು ತಿಂದು ಎದ್ದು ಬರುವಂತಾಗಬಾರದು. ಪ್ರವಾಸ ವ್ಯವಸ್ಥೆಯ ಕೆಲಸದಲ್ಲಿರುವ ನಾವು ಕೆಲವರು ಸೇರಿ, ರೋಮ್ ನಗರವನ್ನೇ ಉದಾಹರಣೆಗೆ ಇಟ್ಟುಕೊಂಡು, ಓದುಗರಿಗೆ ನೇರವಾಗಿ ಉಪಯೋಗವಾಗುವ ಸಂಗತಿಗಳನ್ನು ಬರೆಯುತ್ತಿದ್ದೇವೆ.

ಮೊದಲ ಮಾತು: ಹೋಟೆಲನ್ನು ಹುಟ್ಟುಹಬ್ಬದ ಸಂಜೆ ಆರಿಸಬೇಡಿ. ದಿನವಿಡೀ ನಡೆದು ಕಾಲು ಸೋತಿರುತ್ತದೆ, ಮಕ್ಕಳು ಹಸಿದಿರುತ್ತಾರೆ. ಆ ಹೊತ್ತಿಗೆ ಬಾಗಿಲಲ್ಲಿ ನಿಂತು ‘ಬನ್ನಿ ಬನ್ನಿ’ ಎಂದು ಕರೆಯುವವರ ಹಿಂದೆ ಹೋಗಿಬಿಡುತ್ತೇವೆ. ಪಿಯಾಜಾ ನವೋನಾ, ತ್ರೇವಿ, ಪ್ಯಾಂಥಿಯನ್ ಸುತ್ತಮುತ್ತ ಹೀಗೆ ಕರೆದು ಕೂರಿಸುವುದಕ್ಕೇ ಆಳು ಇರುತ್ತಾರೆ. ಅಲ್ಲಿ ಕಾಸು ಕೊಡುವುದು ಹೆಚ್ಚಾಗಿ ಎದುರಿನ ನೋಟಕ್ಕೆ. ಒಂದೆರಡು ದಿನ ಮೊದಲೇ ಮಧ್ಯಾಹ್ನದ ತಿರುಗಾಟದಲ್ಲಿ ಎರಡು ಮೂರು ಕಡೆ ಬಾಗಿಲ ಪಕ್ಕದ ಮೆನು ಓದಿ ಬನ್ನಿ. ಬೆಲೆಪಟ್ಟಿ ಹೊರಗಿನಿಂದಲೇ ಕಾಣುವಂತೆ ಇಡಬೇಕೆಂಬುದು ಅಲ್ಲಿಯ ನಿಯಮ. ಬೆಲೆ ತೋರಿಸದ ಕಡೆ ಒಳಗೆ ಕಾಲಿಡುವುದೇ ಬೇಡ. ತಿನಿಸುಗಳ ಫೋಟೊ ಅಂಟಿಸಿ, ಆರು ಭಾಷೆಯಲ್ಲಿ ಬರೆದು, ನೂರು ಬಗೆ ಇಟ್ಟಿರುವ ಮೆನುವಿಗಿಂತ ಒಂದೇ ಹಾಳೆಯ ಮೆನು ವಾಸಿ. ಪದಾರ್ಥದ ಹೆಸರಿನ ಪಕ್ಕ ನಕ್ಷತ್ರ ಗುರುತು ಇದ್ದರೆ ಅದರಲ್ಲಿ ಫ್ರೀಜ್ ಮಾಡಿದ ಸಾಮಗ್ರಿ ಬಳಸಿದ್ದಾರೆಂದು ಅರ್ಥ. ಒಂದೆರಡಕ್ಕೆ ಇದ್ದರೆ ಚಿಂತೆಯಿಲ್ಲ, ಪಟ್ಟಿಯ ತುಂಬ ನಕ್ಷತ್ರಗಳಿದ್ದರೆ ಮುಂದಕ್ಕೆ ನಡೆಯಿರಿ.

ಕರ್ನಾಟಕದಿಂದ ಹೆಚ್ಚು ಜನ ಹೋಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಈಸ್ಟರ್ ಭಾನುವಾರ, ಅದರ ಮರುದಿನದ ಸೋಮವಾರ, ಏಪ್ರಿಲ್ 25, ಮೇ 1, ಜೂನ್ 2 ಅಲ್ಲಿ ರಜಾದಿನಗಳು. ಆ ದಿನಗಳಲ್ಲಿ ಕೆಲವು ಕಡೆ ಬಾಗಿಲು ಹಾಕಿರುತ್ತದೆ, ತೆರೆದಿರುವ ಕಡೆ ಸ್ಥಳೀಯರೇ ತುಂಬಿರುತ್ತಾರೆ. ವಾರದ ರಜೆ ಬೇರೆ ಇದೆ. ಹಲವು ಕಡೆ ಅದು ಸೋಮವಾರ ಅಥವಾ ಭಾನುವಾರ ರಾತ್ರಿ. ಆಗಸ್ಟ್ 15ರ ಹಿಂದೆ ಮುಂದೆ ಮನೆಯವರೇ ನಡೆಸುವ ಹೋಟೆಲುಗಳು ಎರಡು ಮೂರು ವಾರ ಮುಚ್ಚಿಯೇ ಇರುತ್ತವೆ.

ಹೊತ್ತಿನ ವಿಷಯದಲ್ಲಿ ನಮ್ಮವರು ಎಡವುವುದು ಇನ್ನೂ ಹೆಚ್ಚು. ಮಧ್ಯಾಹ್ನ 3ರ ಸುಮಾರಿಗೆ ಮುಚ್ಚಿದ ಅಡುಗೆಮನೆ ಮತ್ತೆ ತೆರೆಯುವುದು ಸಂಜೆ 7 ಅಥವಾ 7.30ಕ್ಕೆ. ಊರಿನವರು ಊಟಕ್ಕೆ ಕೂರುವುದು 8.30ರ ಮೇಲೆ. ಸಕ್ಕರೆ ಕಾಯಿಲೆಯ ಹಿರಿಯರು ಜೊತೆಗಿದ್ದರೆ 5.30–6ರ ಹೊತ್ತಿಗೆ ಏನಾದರೂ ಹೊಟ್ಟೆಗೆ ಹಾಕಿಸಿ. ಬೀದಿಬದಿಯ ಅಂಗಡಿಗಳಲ್ಲಿ ದೊಡ್ಡ ತಟ್ಟೆಯ ಪಿಜ್ಜಾವನ್ನು ಕತ್ತರಿಯಲ್ಲಿ ಕತ್ತರಿಸಿ ತೂಕ ಹಾಕಿ ಕೊಡುತ್ತಾರೆ. ಅದರಲ್ಲಿ ‘ಪಿಜ್ಜಾ ರೊಸ್ಸಾ’ ಎಂದರೆ ಬರೀ ಟೊಮೆಟೊ ಸವರಿದ್ದು, ಚೀಸ್ ಇರುವುದಿಲ್ಲ. ಟೇಬಲ್ಲನ್ನು 7.30ಕ್ಕೇ ಹಿಡಿಯಿರಿ. ಆಗ ಜನ ಕಡಿಮೆ, ಬಡಿಸುವವರಿಗೆ ನಿಮ್ಮ ಪ್ರಶ್ನೆಗೆ ಉತ್ತರಿಸಲು ಪುರಸೊತ್ತು ಇರುತ್ತದೆ. ಒಂಬತ್ತು ಗಂಟೆಯ ಗಲಾಟೆಯಲ್ಲಿ ಇದರಲ್ಲಿ ಏನೇನು ಹಾಕಿದ್ದೀರಿ ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದು ಕಷ್ಟ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಇಟಲಿಯಲ್ಲಿ ‘ವೆಜಿಟೇರಿಯನ್’ ಎಂಬ ಮಾತು ಎಲ್ಲರಿಗೂ ಗೊತ್ತು, ಆದರೆ ಅದರ ಅರ್ಥ ನಮ್ಮ ಮನೆಯ ಅರ್ಥವಲ್ಲ. ಮೊಟ್ಟೆ ಅದರೊಳಗೆ ಬಂತು, ಚೀಸ್ ಬಂತು. ಮೀನನ್ನೂ ಅದರಲ್ಲಿ ಸೇರಿಸಿಬಿಡುವವರು ಸಿಗುತ್ತಾರೆ. ಅದಕ್ಕೇ ಹಣೆಪಟ್ಟಿ ಹೇಳಬೇಡಿ, ಬೇಡದ ಪದಾರ್ಥಗಳ ಹೆಸರು ಹೇಳಿ.

ರೋಮ್‌ನ ಹೆಸರುವಾಸಿ ಪಾಸ್ತಾ ನಾಲ್ಕು: ಕಾರ್ಬೊನಾರಾ, ಅಮಾತ್ರಿಚಾನಾ, ಗ್ರಿಚಾ, ಕಾಚೊ ಎ ಪೇಪೆ. ಮೊದಲ ಮೂರರಲ್ಲೂ ಗ್ವಾಂಚಾಲೆ, ಅಂದರೆ ಉಪ್ಪು ಹಚ್ಚಿ ಒಣಗಿಸಿದ ಹಂದಿಯ ಕೆನ್ನೆಯ ಮಾಂಸ ಇರುತ್ತದೆ. ಅದನ್ನು ತೆಗೆದು ಕೊಡಿ ಎಂದರೂ ಪ್ರಯೋಜನವಿಲ್ಲ, ಬಾಣಲೆಯಲ್ಲಿ ಕರಗಿದ ಅದರ ಕೊಬ್ಬಿನಲ್ಲೇ ಪಾಸ್ತಾ ಹೊರಳಿರುತ್ತದೆ. ನಾಲ್ಕನೆಯದು ಕಾಚೊ ಎ ಪೇಪೆ. ಕುರಿಹಾಲಿನ ಪೆಕೊರಿನೊ ಚೀಸ್, ಕರಿಮೆಣಸು, ಪಾಸ್ತಾ ಬೆಂದ ಗಂಜಿನೀರು, ಇಷ್ಟೇ. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಕೆನೆಯೂ ಇಲ್ಲ. ನಮ್ಮ ನಾಲಿಗೆಗೆ ಮೆಣಸಿನ ಖಾರ ಹತ್ತುತ್ತದೆ, ಹೆಚ್ಚಿನವರಿಗೆ ಇಷ್ಟವಾಗುತ್ತದೆ. ಆದರೆ ಇಲ್ಲಿ ಎರಡು ಸೂಕ್ಷ್ಮ ಇವೆ. ಒಂದು, ರೋಮ್‌ನಲ್ಲಿ ಇದನ್ನು ಹೆಚ್ಚಾಗಿ ‘ತೊನ್ನಾರೆಲ್ಲಿ’ ಎಂಬ ಹಸಿ ಪಾಸ್ತಾದಲ್ಲಿ ಮಾಡುತ್ತಾರೆ, ಅದರ ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಬಿದ್ದಿರುತ್ತದೆ. ಮೊಟ್ಟೆ ಬೇಡದವರು ಒಣ ಸ್ಪಗೆಟಿ ಅಥವಾ ರಿಗಾತೋನಿಯಲ್ಲಿ ಮಾಡಿಕೊಡಿ ಎನ್ನಬೇಕು. ಅವು ಡ್ಯೂರಮ್ ಗೋಧಿ ರವೆ ಮತ್ತು ನೀರಿನಿಂದ ಆದವು. ಎರಡು, ಪೆಕೊರಿನೊ ರೊಮಾನೊ ಚೀಸಿಗೆ ಹಾಲು ಒಡೆಯಲು ಬಳಸುವುದು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್. ಪಾರ್ಮಿಜಾನೊ ರೆಜ್ಜಾನೊಗೆ, ಅಂದರೆ ಪಾರ್ಮೆಸನ್ ಚೀಸಿಗೆ, ಕರುವಿನದು. ಆ ಹೆಸರು ಹಾಕಿಕೊಳ್ಳಬೇಕಾದರೆ ಹಾಗೆಯೇ ಮಾಡಬೇಕೆಂದು ನಿಯಮದಲ್ಲೇ ಇದೆ. ಇದು ತಿಳಿದೂ ತಿನ್ನುವವರಿದ್ದಾರೆ, ತಿಳಿದರೆ ತಿನ್ನದವರೂ ಇದ್ದಾರೆ. ಮನೆಯ ಹಿರಿಯರಿಗೆ ಮೊದಲೇ ಹೇಳಿಬಿಡುವುದು ಧರ್ಮ.

ಕಾಚೊ ಎ ಪೇಪೆ ತರಿಸಿದರೆ ಇನ್ನೊಂದು ಎಚ್ಚರ ಬೇಕು. ತುರಿದ ಚೀಸ್ ಗಂಜಿನೀರಿನಲ್ಲಿ ಹದವಾಗಿ ಕರಗಿ ಸಾರಿನಂತೆ ಎಳೆಗೆ ಹತ್ತಿರುತ್ತದೆ. ಹತ್ತು ನಿಮಿಷ ಹಾಗೇ ಬಿಟ್ಟರೆ ಅದು ತಣಿದು ಮುದ್ದೆ ಕಟ್ಟುತ್ತದೆ, ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ತಟ್ಟೆ ಬಂದ ಕೂಡಲೇ ತಿನ್ನಬೇಕು. ಫೋಟೊ, ಊರಿನವರಿಗೆ ವಿಡಿಯೊ ಕರೆ, ಉಡುಗೊರೆ ಕೊಡುವುದು ಎಲ್ಲವನ್ನೂ ಪಾಸ್ತಾ ಬರುವ ಮೊದಲು ಅಥವಾ ಕೇಕಿನ ಹೊತ್ತಿಗೆ ಇಟ್ಟುಕೊಳ್ಳಿ.

ಚೀಸೂ ಬೇಡ ಎನ್ನುವವರಿಗೆ ದಾರಿ ಇದೆ. ‘ಅರಾಬಿಯಾತಾ’ದಲ್ಲಿ ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ‘ಆಲ್ಯೊ ಓಲ್ಯೊ ಪೆಪೆರೊಂಚೀನೊ’ದಲ್ಲಿ ಬೆಳ್ಳುಳ್ಳಿ, ಆಲಿವ್ ಎಣ್ಣೆ, ಮೆಣಸಿನಕಾಯಿ. ಮೇಲೆ ಚೀಸ್ ಉದುರಿಸಬೇಡಿ ಎಂದರೆ ಆಯಿತು. ಪಿಜ್ಜಾಗಳಲ್ಲಿ ‘ಮರಿನಾರಾ’ ಎಂಬ ಹೆಸರು ಕೇಳಿ ಸಮುದ್ರದ ಮೀನು ಇರಬೇಕೆಂದು ಬಿಟ್ಟುಬಿಡುತ್ತಾರೆ. ಅದರಲ್ಲಿರುವುದು ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಮಾತ್ರ. ತದ್ವಿರುದ್ಧವಾಗಿ, ‘ಪುತ್ತನೆಸ್ಕಾ’ ಪಾಸ್ತಾದಲ್ಲಿ ಆಂಚೊವಿ ಎಂಬ ಪುಟ್ಟ ಮೀನು ಕರಗಿಹೋಗಿರುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಕುಂಬಳದ ಜಾತಿಯ ಹೂವಿನ ಬಜ್ಜಿ ನೋಡಿ ನಮ್ಮವರು ಆಸೆಪಡುತ್ತಾರೆ. ರೋಮ್‌ನಲ್ಲಿ ಆ ಹೂವಿನೊಳಗೆ ಮೊಝರೆಲಾ ಜೊತೆ ಅದೇ ಮೀನು ತುಂಬುತ್ತಾರೆ. ‘ಸುಪ್ಲಿ’ ಎಂಬ ಅನ್ನದ ಕರಿದ ಉಂಡೆಗೆ ಮಾಂಸದ ಸಾಸಿನಲ್ಲಿ ಕಲಸಿದ ಅನ್ನ ಬಳಸುವುದು ವಾಡಿಕೆ. ರಿಸೊಟ್ಟೊ ಎಂಬ ಮೆತ್ತನೆಯ ಅನ್ನಕ್ಕೆ, ತರಕಾರಿ ಸೂಪುಗಳಿಗೆ ಮಾಂಸದ ಸಾರು ಹಾಕುವುದು ಸಾಮಾನ್ಯ, ಹೆಸರಿನಲ್ಲಿ ಬರೀ ಅಣಬೆಯೋ ಕಾಳೋ ಇದ್ದರೂ ಸಹ. ಇನ್ನು ‘ಪೆಪೆರೋನಿ’: ಬೆಂಗಳೂರಿನ ಪಿಜ್ಜಾ ಅಂಗಡಿಯಲ್ಲಿ ಅದು ಮಾಂಸ, ಇಟಲಿಯಲ್ಲಿ ದಪ್ಪಮೆಣಸಿನಕಾಯಿ. ಧೈರ್ಯವಾಗಿ ತರಿಸಿ. ಖಾರದ ಮಾಂಸ ಇರುವ ಪಿಜ್ಜಾಕ್ಕೆ ಅಲ್ಲಿ ‘ದಿಯಾವೊಲಾ’ ಎನ್ನುತ್ತಾರೆ.

ಮೊಟ್ಟೆ, ಮೀನು ಇದೆಯೇ ಎಂದು ಖಚಿತವಾಗಿ ತಿಳಿಯಲು ಒಂದು ಕಾನೂನಿನ ಆಸರೆಯೂ ಉಂಟು. ಐರೋಪ್ಯ ಒಕ್ಕೂಟದ ನಿಯಮದಂತೆ 2014ರ ಡಿಸೆಂಬರ್ 13ರಿಂದ ಪ್ರತಿ ಹೋಟೆಲೂ 14 ಬಗೆಯ ಅಲರ್ಜಿ ಪದಾರ್ಥಗಳ ಮಾಹಿತಿ ಕೊಡಲೇಬೇಕು. ಮೊಟ್ಟೆ, ಮೀನು, ಹಾಲು, ಕಡಲೆಕಾಯಿ, ಎಳ್ಳು, ಸಾಸಿವೆ ಆ ಪಟ್ಟಿಯಲ್ಲಿವೆ. ‘ಅಲ್ಲೆರ್ಜೆನಿ’ ಪಟ್ಟಿ ಕೊಡಿ ಎಂದು ಕೇಳಿದರೆ ಪ್ರತಿ ಪದಾರ್ಥದ ಮುಂದೆ ಅಂಕಿ ಹಾಕಿದ ಹಾಳೆ ತಂದುಕೊಡುತ್ತಾರೆ. ಆದರೆ ಮಾಂಸ, ಹಂದಿಕೊಬ್ಬು, ಜಿಲೆಟಿನ್, ರೆನೆಟ್ ಆ 14ರಲ್ಲಿ ಇಲ್ಲ. ಹಾಳೆಯಲ್ಲಿ ಏನೂ ಗುರುತಿಲ್ಲದಿದ್ದರೆ ಅದು ಸಸ್ಯಾಹಾರ ಎಂದು ತಿಳಿಯುವಂತಿಲ್ಲ. ಇವನ್ನು ಬಾಯಿಬಿಟ್ಟು ಕೇಳಲೇಬೇಕು.

ಬಡಾವಣೆಯ ಆಯ್ಕೆಯೂ ಇದಕ್ಕೇ ಹೊಂದಿಕೊಂಡಿದೆ. ‘ಅಸಲಿ ರೋಮನ್ ಊಟ’ ಎಂದು ಎಲ್ಲರೂ ತೆಸ್ತಾಚ್ಚೊ ಕಡೆ ಕೈ ತೋರಿಸುತ್ತಾರೆ. ಮಾತು ನಿಜ. ಆದರೆ 1975ರವರೆಗೆ ಅಲ್ಲಿ ನಗರದ ಕಸಾಯಿಖಾನೆ ಇತ್ತು. ಆ ಭಾಗದ ಅಡುಗೆ ಬೆಳೆದದ್ದೇ ಕರುಳು, ಬಾಲ, ಹೊಟ್ಟೆಯ ಮಾಂಸದ ಮೇಲೆ. ಮಾಂಸಾಹಾರಿ ಕುಟುಂಬಕ್ಕೆ ಅದು ಹಬ್ಬ, ಅಜ್ಜಿ ಸಸ್ಯಾಹಾರಿಯಾಗಿದ್ದರೆ ಬೇಡ. ನಮ್ಮ ಅನುಭವದಲ್ಲಿ ಬಹಳ ಕನ್ನಡಿಗರಿಗೆ ಗೊತ್ತಿಲ್ಲದ ಒಳ್ಳೆಯ ಆಯ್ಕೆ ನದಿಯ ಪಕ್ಕದ ಹಳೆಯ ಯಹೂದಿ ಕೇರಿ. ಅಲ್ಲಿಯ ಕೋಶರ್, ಅಂದರೆ ಯಹೂದಿ ಧರ್ಮದ ಆಹಾರ ನಿಯಮ ಪಾಲಿಸುವ ಹೋಟೆಲುಗಳಲ್ಲಿ ಮಾಂಸ ಮತ್ತು ಹಾಲು ಒಂದೇ ಅಡುಗೆಮನೆಯಲ್ಲಿ ಸೇರುವುದಿಲ್ಲ. ಹಾಲಿನ ಅಡುಗೆಯ ಹೋಟೆಲು ಬೇರೆ, ಮಾಂಸದ್ದು ಬೇರೆ. ಹಾಲಿನ ಕಡೆ ಹೋದರೆ ಬಾಣಲೆಗೆ, ಎಣ್ಣೆಗೆ ಮಾಂಸ ಸೋಕಿರುವುದೇ ಇಲ್ಲ. ಮೀನು ಮಾತ್ರ ಮಾಡುತ್ತಾರೆ, ಅದನ್ನು ಕೇಳಿಕೊಳ್ಳಬೇಕು. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ಸಂಜೆಯವರೆಗೆ ಮುಚ್ಚಿರುತ್ತವೆ. ಹುಟ್ಟುಹಬ್ಬ ಶುಕ್ರವಾರ ರಾತ್ರಿಗೆ ಬಿದ್ದರೆ ಈ ಯೋಚನೆ ಬಿಟ್ಟುಬಿಡಿ.

ಅಲ್ಲಿಗೆ ಏಪ್ರಿಲ್‌ನಲ್ಲಿ ಹೋದವರು ಯಹೂದಿ ಪದ್ಧತಿಯಲ್ಲಿ ಕರಿದ ಆರ್ಟಿಚೋಕ್ ಎಂಬ ಹೂಮೊಗ್ಗಿನ ತರಕಾರಿ ತಿನ್ನದೆ ಬರಬಾರದು. ಹಿಟ್ಟು, ಮೊಟ್ಟೆ ಏನೂ ಸವರದೆ ಇಡೀ ಮೊಗ್ಗನ್ನು ಮೊದಲು ಮಂದ ಕಾವಿನ ಎಣ್ಣೆಯಲ್ಲಿ ಬೇಯಿಸುತ್ತಾರೆ. ಹೊರತೆಗೆದು ಆರಿಸಿ, ಎಸಳುಗಳನ್ನು ಬೆರಳಿನಿಂದ ಹೂವಿನಂತೆ ಅರಳಿಸಿ, ಮತ್ತೆ ಜೋರು ಕಾವಿನಲ್ಲಿ ಗರಿಗರಿಯಾಗುವವರೆಗೆ ಕರಿಯುತ್ತಾರೆ. ತಾವರೆಯಂತೆ ತಟ್ಟೆಯಲ್ಲಿ ಕುಳಿತಿರುತ್ತದೆ. ಹೊರಗಿನ ಎಸಳು ಹಪ್ಪಳದಂತೆ ಮುರಿಯುತ್ತದೆ, ನಡುವಿನ ಭಾಗ ಬೇಯಿಸಿದ ಗೆಡ್ಡೆಯಷ್ಟು ಮೆತ್ತಗೆ. ಇಬ್ಬರಿಗೆ ಒಂದು ಸಾಕು.

ಹಿರಿಯರಿದ್ದರೆ ದಾರಿಯನ್ನೂ ನೋಡಿಕೊಳ್ಳಿ. ತ್ರಾಸ್ತೆವೆರೆಯಂಥ ಹಳೆಯ ಭಾಗಗಳ ಬೀದಿಗೆ ಹಾಸಿರುವುದು ಕಪ್ಪು ಕಲ್ಲಿನ ಸಣ್ಣ ಚೌಕಗಳು, ಅವುಗಳ ಸಂದಿಯಲ್ಲಿ ಕಾಲು ಹೊರಳುತ್ತದೆ. ರೇಷ್ಮೆ ಸೀರೆ ಉಟ್ಟರೂ ಕಾಲಿಗೆ ಷೂ ಇರಲಿ. ಹಳೆಯ ಕಟ್ಟಡಗಳಲ್ಲಿ ಶೌಚಾಲಯ ಎಷ್ಟೋ ಕಡೆ ನೆಲಮಾಳಿಗೆಯಲ್ಲಿರುತ್ತದೆ. ಮೊದಲೇ ನೋಡಿಬರುವಾಗ ಮೆಟ್ಟಿಲು ಎಷ್ಟು, ಕೈಹಿಡಿ ಇದೆಯೇ ಎಂದು ಗಮನಿಸಿ. ಹೊರಗಿನ ಟೇಬಲ್ ಚೆನ್ನ ಎನಿಸುತ್ತದೆ, ಆದರೆ ಮೇ ತಿಂಗಳಲ್ಲಿ ಸೂರ್ಯ ಮುಳುಗುವಾಗ 8 ಗಂಟೆ ದಾಟಿರುತ್ತದೆ, ಅಲ್ಲಿಯವರೆಗೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಇಟಲಿಯಲ್ಲಿ 2005ರಿಂದ ಹೋಟೆಲಿನ ಒಳಗೆ ಧೂಮಪಾನ ಇಲ್ಲ, ಸೇದುವವರೆಲ್ಲ ಹೊರಗಿನ ಟೇಬಲ್ಲಿಗೆ ಬರುತ್ತಾರೆ. ಉಬ್ಬಸ ಇರುವವರಿಗೆ ಒಳಗೇ ಜಾಗ ಕೇಳಿ.

ಕೇಕಿನ ವಿಚಾರ ಬಹಳ ಮನೆಗಳಲ್ಲಿ ಕೊನೆಗೆ ನೆನಪಾಗುತ್ತದೆ, ಅದೇ ತೊಂದರೆ. ಹೊರಗಿನ ಕೇಕ್ ತರಲು ಹಲವು ಹೋಟೆಲುಗಳು ಒಪ್ಪುತ್ತವೆ, ಆದರೆ ಬೇಕರಿಯ ರಸೀದಿ ಇರುವ, ಮುಚ್ಚಿದ ಡಬ್ಬಿಯ ಕೇಕ್ ಮಾತ್ರ. ಕೊಠಡಿಯಲ್ಲಿ ಮಾಡಿಕೊಂಡು ಬಂದದ್ದನ್ನು ಒಪ್ಪದಿರಬಹುದು. ಕತ್ತರಿಸಿ ತಟ್ಟೆಯಲ್ಲಿ ಕೊಡಲು ತಲೆಗೆ ಇಷ್ಟು ಎಂದು ಶುಲ್ಕ ಹಾಕುವವರಿದ್ದಾರೆ, ಬುಕ್ ಮಾಡುವಾಗಲೇ ಕೇಳಿ. ಮೊಟ್ಟೆಯಿಲ್ಲದ ಕೇಕ್ ಅಲ್ಲಿ ಗಾಜಿನ ಕಪಾಟಿನಲ್ಲಿ ಸಿದ್ಧವಾಗಿ ಸಿಗುವುದು ಅಪರೂಪ. ‘ವೆಗಾನೊ’, ಅಂದರೆ ಹಾಲು, ಮೊಟ್ಟೆ ಯಾವುದೂ ಬಳಸದ್ದು, ಎಂದು ಬೋರ್ಡಿರುವ ಬೇಕರಿಗೆ ಮೂರು ದಿನ ಮೊದಲು ಹೇಳಿ ಮಾಡಿಸಬೇಕು. ತಲೆಗೆ 120 ಗ್ರಾಂ ಲೆಕ್ಕ ಹಿಡಿದರೆ ಎಂಟು ಜನಕ್ಕೆ ಒಂದು ಕಿಲೋ ಸಾಕು. ಮಧ್ಯಾಹ್ನದ ಬಿಸಿಲಿನಲ್ಲಿ ಕೇಕ್ ಹೊತ್ತು ತಿರುಗಬೇಡಿ, ಕೆನೆ ಇಳಿದುಹೋಗುತ್ತದೆ. ಸಂಜೆ ಊಟಕ್ಕೆ ಹೋಗುವ ದಾರಿಯಲ್ಲೇ ತೆಗೆದುಕೊಂಡು, ಹೋದ ಕೂಡಲೇ ಫ್ರಿಜ್ಜಿನಲ್ಲಿಡಲು ಕೊಡಿ. ಮೇಣದಬತ್ತಿ, ಬೆಂಕಿಪೊಟ್ಟಣ ನಿಮ್ಮದೇ ಇರಲಿ. ಕಿಡಿ ಹಾರಿಸುವ ಬತ್ತಿಯನ್ನು ಕೇಳದೆ ಹಚ್ಚಬೇಡಿ.

ಹೋಟೆಲಿನ ಸಿಹಿಯನ್ನೇ ನೆಚ್ಚಿಕೊಂಡರೆ ಇದು ನೆನಪಿರಲಿ: ತಿರಾಮಿಸುವಿನಲ್ಲಿ ಹಸಿ ಮೊಟ್ಟೆ ಇರುತ್ತದೆ, ಕೆಲವು ಕಡೆ ಮದ್ಯವೂ. ಪನ್ನಾ ಕೊತ್ತಾ ಬರೀ ಹಾಲಿನ ಕೆನೆಯದು ಎಂದು ಸಸ್ಯಾಹಾರಿಗಳು ನೆಮ್ಮದಿಯಿಂದ ತರಿಸುತ್ತಾರೆ. ಅದು ಗಟ್ಟಿಯಾಗುವುದು ಪ್ರಾಣಿಜನ್ಯ ಜಿಲೆಟಿನ್‌ನಿಂದ. ಹಣ್ಣಿನ ‘ಸೊರ್ಬೆತ್ತೊ’ ನಿಂಬೆ, ಸ್ಟ್ರಾಬೆರಿ ರುಚಿಗಳಲ್ಲಿ ಸಿಗುತ್ತದೆ. ಅದು ಹಣ್ಣಿನ ರಸ, ನೀರು, ಸಕ್ಕರೆಯದು. ಆದರೂ ಮೊಟ್ಟೆಯ ಬಿಳಿ ಹಾಕಿಲ್ಲವೇ ಎಂದು ಒಂದು ಮಾತು ಕೇಳಿ. ಇನ್ನೊಂದು ಸಂಗತಿ, ಹುಟ್ಟುಹಬ್ಬಕ್ಕೆ ಮುಂಚಿತವಾಗಿ ಶುಭಾಶಯ ಹೇಳುವುದು ಇಟಲಿಯವರಿಗೆ ಅಪಶಕುನ. ಪ್ರವಾಸದ ಅನುಕೂಲಕ್ಕೆಂದು ಒಂದು ದಿನ ಮೊದಲೇ ಆಚರಿಸುವುದಾದರೆ ಅದನ್ನು ಅವರಿಗೆ ಹೇಳಲು ಹೋಗಬೇಡಿ.

ಬಿಲ್ಲಿನ ಲೆಕ್ಕ ಮೊದಲೇ ತಿಳಿದಿದ್ದರೆ ಕೊನೆಯಲ್ಲಿ ಮುಖ ಸಪ್ಪೆಯಾಗುವುದಿಲ್ಲ. ಇಟಲಿಯ ಬೇರೆ ಊರುಗಳಲ್ಲಿ ‘ಕೊಪೇರ್ತೊ’ ಎಂದು ಕೂತದ್ದಕ್ಕೇ ತಲೆಗೆ ಎರಡು ಮೂರು ಯೂರೊ ಹಾಕುತ್ತಾರೆ. ರೋಮ್ ಇರುವ ಲಾಜಿಯೊ ಪ್ರಾಂತ್ಯದಲ್ಲಿ 2006ರ ಕಾನೂನು ಅದನ್ನು ನಿಷೇಧಿಸಿತು. ಬದಲಿಗೆ ‘ಪಾನೆ’, ಅಂದರೆ ಬ್ರೆಡ್ಡು ಎಂದು ಹಾಕುತ್ತಾರೆ. ಬ್ರೆಡ್ಡು ಬೇಡವಾದರೆ ಬುಟ್ಟಿ ಮೇಜಿಗೆ ಬಂದಾಗಲೇ ವಾಪಸ್ ಕಳಿಸಿ, ತುಂಡು ಮುರಿದ ಮೇಲೆ ನಿಮ್ಮ ವಾದ ನಡೆಯುವುದಿಲ್ಲ. ಸೇವಾ ಶುಲ್ಕ ಇದ್ದರೆ ಮೆನುವಿನಲ್ಲೇ ಬರೆದಿರಬೇಕು. ಆರು ಜನರ ಒಂದು ಸಾಧಾರಣ ಲೆಕ್ಕ ಹೀಗೆ: ತಲೆಗೊಂದು ಪಾಸ್ತಾ ಅಥವಾ ಪಿಜ್ಜಾ 12ರಂತೆ 72 ಯೂರೊ, ಹಂಚಿಕೊಳ್ಳಲು ಎರಡು ತಟ್ಟೆ ಕರಿದದ್ದು 20, ಎರಡು ತಟ್ಟೆ ತರಕಾರಿ 12, ಮೂರು ಬಾಟಲಿ ನೀರು 9, ಬ್ರೆಡ್ಡು 9, ಸಿಹಿ 36. ಒಟ್ಟು 158. ಹತ್ತು ಶೇಕಡಾ ಸೇವಾ ಶುಲ್ಕ ಸೇರಿದರೆ 173.80. ಅದು ಸೇರಿದ್ದರೆ ಟಿಪ್ಸ್ ಕೊಡಬೇಕಾಗಿಲ್ಲ.

ಮೀನು ತಿನ್ನುವವರಿಗೆ ಬೇರೆಯೇ ಎಚ್ಚರಿಕೆ ಹೇಳಬೇಕು. ಇಡೀ ಮೀನಿನ ಬೆಲೆಯನ್ನು ‘ಎತ್ತೊ’ ಲೆಕ್ಕದಲ್ಲಿ, ಅಂದರೆ 100 ಗ್ರಾಂಗೆ ಇಷ್ಟು ಎಂದು ಬರೆದಿರುತ್ತಾರೆ. 7 ಯೂರೊ ಎಂದು ನೋಡಿ ತರಿಸಿದ 800 ಗ್ರಾಂ ಮೀನಿಗೆ 56 ಯೂರೊ ಆಗುತ್ತದೆ. ಬೇಯಿಸುವ ಮೊದಲು ತೂಕ ತೋರಿಸಿ, ಒಟ್ಟು ಎಷ್ಟು ಹೇಳಿ ಎಂದು ಕೇಳಿ. ಕಾರ್ಡಿನಲ್ಲಿ ಕೊಡುವಾಗ ಯಂತ್ರ ‘ಯೂರೊನೋ ರೂಪಾಯಿಯೋ’ ಎಂದು ಕೇಳಿದರೆ ಯೂರೊ ಒತ್ತಿ. ರೂಪಾಯಿ ಒತ್ತಿದರೆ ಪರಿವರ್ತನೆಯ ದರದಲ್ಲಿ ಕೈ ಕಚ್ಚುತ್ತದೆ.

ಪ್ರವಾಸ ಪುಟ ನೋಡಿಕೊಳ್ಳುವವರಲ್ಲಿ ನಮ್ಮ ಕೋರಿಕೆ ಒಂದೇ. ಇಟಲಿಯ ಬರಹದ ಜೊತೆ ಒಂದು ಚಿಕ್ಕ ಚೌಕದಲ್ಲಿ ಈ ಕೆಳಗಿನ ಮಾತುಗಳನ್ನು ಅಚ್ಚು ಹಾಕಿ, ಓದುಗರು ಕತ್ತರಿಸಿ ಪರ್ಸಿನಲ್ಲಿಟ್ಟುಕೊಳ್ಳಲಿ. ‘ಸೆಂತ್ಸಾ’ ಎಂದರೆ ‘ಇಲ್ಲದೆ’. ಸೆಂತ್ಸಾ ಕಾರ್ನೆ, ಮಾಂಸ ಬೇಡ. ಸೆಂತ್ಸಾ ಪೆಶೆ, ಮೀನು ಬೇಡ. ಸೆಂತ್ಸಾ ಬ್ರೋದೊ ದಿ ಕಾರ್ನೆ, ಮಾಂಸದ ಸಾರು ಬೇಡ. ಸೆಂತ್ಸಾ ಸ್ತ್ರುತ್ತೊ, ಹಂದಿಕೊಬ್ಬು ಬೇಡ. ಸೆಂತ್ಸಾ ವೋವಾ, ಮೊಟ್ಟೆ ಬೇಡ. ಸೆಂತ್ಸಾ ಆಲ್ಯೊ ಎ ಚಿಪೊಲ್ಲಾ, ಬೆಳ್ಳುಳ್ಳಿ ಈರುಳ್ಳಿ ಬೇಡ. ಕೊಂಪ್ಲೆಯಾನ್ನೊ, ಹುಟ್ಟುಹಬ್ಬ. ಟೇಬಲ್ ಹಿಡಿಯಲು ಹೋದಾಗ ಇದನ್ನು ಓದಿ ಹೇಳಿ. ಕೇಳಿಸಿಕೊಂಡವರು ‘ನೋ ಪ್ರಾಬ್ಲಂ’ ಎಂದು ತಕ್ಷಣ ತಲೆಯಾಡಿಸಿದರೆ ಧನ್ಯವಾದ ಹೇಳಿ ಹೊರಬನ್ನಿ. ಚೀಟಿ ಹಿಡಿದು ಅಡುಗೆಮನೆಗೆ ಹೋಗಿ, ಬಾಣಸಿಗರನ್ನು ಕೇಳಿ ಬಂದು, ಇದು ಆಗುತ್ತದೆ, ಇದು ಆಗುವುದಿಲ್ಲ ಎಂದರೆ ಅಲ್ಲೇ ಹೆಸರು ಬರೆಸಿ.

ಇಂತಿ,
ಪ್ರವಾಸ ವ್ಯವಸ್ಥೆಯ ಕೆಲಸದಲ್ಲಿರುವ ಓದುಗರು
ಬೆಂಗಳೂರು